ಎರಡು ಹೊಳೆಯ ಬಕೆಟ್

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ಮುಚ್ಚಳದ ಹಸಿರು ಬಕೆಟ್ಟೊಂದನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಒಬ್ಬ ಹುಡುಗಿ ಬರುತ್ತಿದ್ದಳು. ಒಳಗೆ ಭದ್ರಾ ಹೊಳೆಯ ನೀರು, ನೀರಿನಲ್ಲಿ ಕೊಳೆತ ಎಲೆ. ಸಂಜೆ ವಾಪಸ್ಸು ಹೋಗುವಾಗ ಅದೇ ಬಕೆಟ್ಟಿನಲ್ಲಿ ತುಂಗೆಯ ನೀರು, ಮತ್ತೆ ಕೊಳೆತ ಎಲೆ. ಲಗೇಜ್ ಟಿಕೆಟ್ ತಗೋ ಎಂದು ಕಂಡಕ್ಟರನದು ದಿನಾ ಜಗಳ. ಮೀನು ಇದೆಯಾ ಎಂದು ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ. ನಮ್ಮ ಲ್ಯಾಬಿನಲ್ಲಿ ಇದೆಲ್ಲ ದೊಡ್ಡ ತಮಾಷೆ. ಮೊದಲು ನಗುತ್ತಿದ್ದವಳು ನಾನು. ಈಗ ಬರೆಯುತ್ತಿರುವವಳೂ ನಾನೇ. ನನ್ನ ಮೇಲೆ ಯಾರಿಗೂ ಕನಿಕರ ಬರುವುದು ಬೇಡ.

ತೊಂಬತ್ತರ ದಶಕದ ಕೊನೆ. ಶಿವಮೊಗ್ಗದಲ್ಲಿ ಒಬ್ಬರೇ ಗೈಡ್ ಕೆಳಗೆ ನಾವಿಬ್ಬರೂ ಪಿಎಚ್‌ಡಿ ಮಾಡುತ್ತಿದ್ದೆವು. ಹೊಳೆಯಲ್ಲಿ ಬಿದ್ದ ಎಲೆಯ ಮೇಲೆ ಬೆಳೆಯುವ ಶಿಲೀಂಧ್ರ, ಅಂದರೆ ಬೂಷ್ಟು, ನಮ್ಮ ವಿಷಯ. ನಾನು ಶಿವಮೊಗ್ಗದ ಕೋಟೆ ಏರಿಯಾದವಳು, ಅಪ್ಪನದು ಪಾತ್ರೆ ಅಂಗಡಿ, ಕಾನ್ವೆಂಟಿನಲ್ಲಿ ಓದಿದ್ದೆ, ಇಂಗ್ಲಿಷು ನಾಲಿಗೆಯ ತುದಿಯಲ್ಲಿತ್ತು. ಅವಳು ಭದ್ರಾವತಿಯ ಜನ್ನಾಪುರದವಳು. ಅವಳಪ್ಪ ಅಲ್ಲಿಯ ನ್ಯೂ ಟೌನಿನ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಲ್ಲುವ ಕೆಲಸಗಾರ. ಅವಳು ಕನ್ನಡ ಮೀಡಿಯಂ. ನನಗಿಂತ ಒಂದು ವರ್ಷ ಕಿರಿಯಳು ಅಷ್ಟೇ, ಆದರೂ ನನ್ನನ್ನು ಅಕ್ಕ ಎನ್ನುತ್ತಿದ್ದಳು, ಬಹುವಚನ ಬೇರೆ. ಸರ್ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. "ಏನೇ ಕಾರ್ಖಾನೆ, ಬಂದ್ಯಾ?" ಎನ್ನುತ್ತಿದ್ದರು. ಅವಳು ಅದಕ್ಕೂ ನಗುತ್ತಾ "ಬಂದೆ ಸರ್" ಎನ್ನುತ್ತಿದ್ದಳು. ಸರ್ ಅವರ ಊಟದ ಡಬ್ಬಿ ತೊಳೆಯುವುದು, ಅವರ ಮನೆಗೆ ಗ್ಯಾಸ್ ಬುಕ್ ಮಾಡುವುದು, ಅವರ ಪಾಲಿನ ಉತ್ತರಪತ್ರಿಕೆಯ ಅಂಕ ಕೂಡುವುದು ಎಲ್ಲ ಅವಳ ತಲೆಗೆ.

ಆ ಬಕೆಟ್ಟಿನ ಕತೆ ಹೇಳಬೇಕು. ಎಲ್ಲರೂ ಮಾಡುವುದು ಇಷ್ಟೇ: ಎಲೆಯನ್ನು ಬಲೆಯ ಚೀಲಕ್ಕೆ ತುಂಬಿ ಹೊಳೆಯಲ್ಲಿ ಕಟ್ಟಿ, ವಾರ ವಾರ ತೆಗೆದು ಯಾವ ಬೂಷ್ಟು ಬಂದಿದೆ ನೋಡುವುದು. ಇವಳು ಅಮ್ಮನ ಕೈಲಿ ಹಳೇ ಸೊಳ್ಳೆಪರದೆ ಕತ್ತರಿಸಿ ಚೀಲ ಹೊಲಿಸಿದಳು. ಭದ್ರೆಯಲ್ಲಿ ಮೂರು ವಾರ ನೆನೆದ ಎಲೆಯನ್ನು ಒಣಗದ ಹಾಗೆ ತಂದು ತುಂಗೆಯಲ್ಲಿ ಕಟ್ಟಿದಳು. ತುಂಗೆಯದನ್ನು ಒಯ್ದು ಭದ್ರೆಯಲ್ಲಿ ಕಟ್ಟಿದಳು. ಬೂಷ್ಟು ಎಲೆಗೆ ನಂಟೋ, ನೀರಿಗೆ ನಂಟೋ ನೋಡಬೇಕು ಎಂದಳು. ದಿನಾ ಒಂದು ಹೊಳೆಯ ದಡದಲ್ಲಿ ಎದ್ದು ಇನ್ನೊಂದು ಹೊಳೆಯ ದಡದಲ್ಲಿ ಕೆಲಸ ಮಾಡುವವಳಿಗೆ ಮಾತ್ರ ಹೊಳೆಯುವ ವಿಚಾರ ಅದು. ಸರ್ ಜನ್ಮದಲ್ಲಿ ಆ ಬಸ್ಸು ಹತ್ತಿದವರಲ್ಲ. ಅವಳು ಇದನ್ನು ಮೊದಲು ಹೇಳಿದಾಗ, ಬಸ್ ಚಾರ್ಜಿಗೆ ದಂಡ ಎಂದು ಬೈದಿದ್ದರು. ಫಲಿತಾಂಶ ಬರುತ್ತಾ ಬರುತ್ತಾ ಬೈಯುವುದು ನಿಂತಿತು.

ಆ ವರ್ಷ ಯುರೋಪಿನಿಂದ ಒಬ್ಬ ಪ್ರೊಫೆಸರಮ್ಮ ಬಂದರು. ಐದಾರು ದೇಶದ ವಿಶ್ವವಿದ್ಯಾಲಯಗಳು ಸೇರಿ, ಪಿಎಚ್‌ಡಿ ಮಾಡುವ ಎಳೆಯರಿಗೆ ತರಬೇತಿ ಕೊಡಲು ಒಂದು ಜಾಲ ಕಟ್ಟಿಕೊಂಡಿದ್ದವು. ಅದಕ್ಕೆ ಆ ದೇಶಗಳ ಸರ್ಕಾರಗಳೇ ಹಣ ಹಾಕಿದ್ದವು. ಆಯ್ಕೆಯಾದವರಿಗೆ ಮೂರು ವರ್ಷ, ಮೂರು ದೇಶದ ಲ್ಯಾಬು, ತಿಂಗಳು ತಿಂಗಳು ಸಂಬಳ. ನಮ್ಮ ಕಡೆಗೆ ಒಂದು ಸೀಟು. ಸಂಬಳ ನೇರ ಹುಡುಗರ ಕೈಗೇ ಹೋಗುತ್ತದೆ, ಗೈಡಿನ ಕೈಗಲ್ಲ ಎಂದು ಗೊತ್ತಾದಾಗ ಸರ್ ಮುಖ ಹುಳ್ಳಗಾಯಿತು. ಇದೆಂಥ ಪದ್ಧತಿ ಎಂದು ಎರಡು ದಿನ ಗೊಣಗಿದರು.

ಅವಳಿಗೆ ಆ ಸೀಟು ಊಟದಷ್ಟೇ ಅಗತ್ಯವಾಗಿತ್ತು. ಅಪ್ಪ ಸ್ವಯಂನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತಿದ್ದರು. ಅವಳ ಫೆಲೋಶಿಪ್ಪು ಮುಗಿಯುವುದರಲ್ಲಿತ್ತು. ಸೀಟು ಸಿಕ್ಕರೆ ಓದೂ ಉಂಟು, ಮನೆಗೂ ಕಳಿಸಬಹುದು. ಸಿಗದಿದ್ದರೆ ಓದು ಬಿಟ್ಟು ಯಾವುದಾದರೂ ಸ್ಕೂಲಿನಲ್ಲಿ ಕೆಲಸ ಹಿಡಿಯಬೇಕು. ನನಗೆ ಆ ಸೀಟು ಸಿಗದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ.

ಪ್ರೊಫೆಸರಮ್ಮನನ್ನು ಕೋಟೆಯ ಹತ್ತಿರ ತುಂಗೆಯ ದಡಕ್ಕೆ ಕರೆದೊಯ್ದೆವು. ಅವರು ಚಪ್ಪಲಿ ಬಿಚ್ಚಿ ನೀರಿಗಿಳಿದರು, ಸೊಳ್ಳೆಪರದೆಯ ಚೀಲವನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಎರಡು ಹೊಳೆ ಬದಲಿಸುವ ಯೋಚನೆ ಯಾರದು ಎಂದು ಕೇಳಿದರು. ನಾನು ಅದನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ. ಅವಳು ಒಂದು ಕ್ಷಣವೂ ತಡೆಯದೆ, "ಸರ್ ಹೇಳ್ಕೊಟ್ಟಿದ್ದು ಅಂತ ಹೇಳಿ ಅಕ್ಕ" ಎಂದಳು. ಗುರುವಿನ ಎದುರು ನನ್ನದು ಎನ್ನುವುದು ಅವಳ ಮಟ್ಟಿಗೆ ಅಹಂಕಾರ. ಸರ್ ಪಕ್ಕದಲ್ಲೇ ನಿಂತು ವಿನಯದಿಂದ ತಲೆ ಆಡಿಸಿದರು. ನಾನು ಅವಳ ಮಾತನ್ನು ಚಾಚೂ ತಪ್ಪದೆ ಇಂಗ್ಲಿಷಿಗೆ ಇಳಿಸಿದೆ.

ವಾಪಸ್ಸು ಬರುವಾಗ ಜೀಪಿನಲ್ಲಿ ಪ್ರೊಫೆಸರಮ್ಮ ನನಗೊಬ್ಬಳಿಗೇ ಹೇಳಿದರು. ಹಣ ಕೊಡುವವರಿಗೆ, ಹೇಳಿದ್ದನ್ನಷ್ಟೇ ಮಾಡುವವರು ಬೇಡ, ಗೈಡಿನ ಜತೆ ವಾದ ಮಾಡುವವರು, ಸ್ವಂತ ಪ್ರಶ್ನೆ ಇರುವವರು ಬೇಕು, ವಿಧೇಯರು ಎಂದು ಕಂಡರೆ ಅರ್ಜಿಯನ್ನು ಪಕ್ಕಕ್ಕಿಡುತ್ತಾರೆ ಎಂದರು. ಈ ಮಾತನ್ನು ನಾನು ಲ್ಯಾಬಿನಲ್ಲಿ ಯಾರಿಗೂ ಹೇಳಲಿಲ್ಲ.

ನಾವಿಬ್ಬರೂ ಹಾಕುವ ಅರ್ಜಿಗೆ ಗೈಡಿನ ಶಿಫಾರಸು ಪತ್ರ ಬೇಕು. ನಮ್ಮಲ್ಲಿ ಶಿಫಾರಸು ಪತ್ರವನ್ನು ಗೈಡು ಬರೆಯುವುದಿಲ್ಲ, ಬೇಕಾದವರೇ ಬರೆದುಕೊಂಡು ಹೋಗಬೇಕು, ಅವರು ಸೈನ್ ಹಾಕುತ್ತಾರೆ. ಅವಳು ನನ್ನ ಹತ್ತಿರ ಬಂದಳು. ನನ್ನನ್ನು ನಾನೇ ಹೇಗೆ ಹೊಗಳಿಕೊಳ್ಳಲಿ, ಇಂಗ್ಲಿಷೂ ಬರಲ್ಲ, ನೀವೇ ಬರೆದುಕೊಡಿ ಎಂದಳು. ಏನು ಬರೆಯಲಿ ಎಂದು ಕೇಳಿದೆ. ಬಹಳ ಯೋಚಿಸಿ ಹೇಳಿದಳು: "ವಿಧೇಯಳು ಅಂತ ಬರೀರಿ. ಸರ್ ಮಾತು ಯಾವತ್ತೂ ಮೀರಿಲ್ಲ ಅಂತ. ಬಡ ಮನೆಯವಳು, ಕಷ್ಟಪಡ್ತಾಳೆ ಅಂತ. ಅಷ್ಟು ಸಾಕಲ್ವಾ ಅಕ್ಕ?"

"ಸಾಕು ಮಾರಾಯ್ತಿ, ಚೆನ್ನಾಗಿದೆ" ಎಂದೆ.

ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆದೆ. ಸುಳ್ಳು ಒಂದಕ್ಷರ ಸೇರಿಸಲಿಲ್ಲ, ಅದೇ ನನ್ನ ಜಾಣತನ. ನನ್ನ ಪತ್ರದಲ್ಲಿ ಮಾತ್ರ, ಸರ್ ಹೇಳುವ ಹಾಗೆ, ಈಕೆ ನನ್ನ ಅಭಿಪ್ರಾಯವನ್ನು ಎದುರಿಗೇ ಪ್ರಶ್ನಿಸುತ್ತಾಳೆ, ತನ್ನದೇ ದಾರಿ ಹಿಡಿಯುತ್ತಾಳೆ ಎಂದು ಬರೆದುಕೊಂಡೆ. ಸರ್ ಎದುರು ನಾನು ಬಾಯಿ ಬಿಟ್ಟದ್ದೇ ಇಲ್ಲ. ಅವರು ಓದಿದ್ದರೆ ಪತ್ರವನ್ನು ಮುಖಕ್ಕೆ ಎಸೆಯುತ್ತಿದ್ದರು. ನಾನು ಬೆರಳಿಟ್ಟ ಜಾಗಕ್ಕೆ ಸೈನ್ ಹಾಕಿ ಪೆನ್ನು ಮುಚ್ಚಿದರು. ಅವಳು ತನ್ನ ಪತ್ರದ ಒಂದು ಜೆರಾಕ್ಸ್ ತೆಗೆಸಿ, ಮಡಿಕೆ ಬೀಳದ ಹಾಗೆ ಪುಸ್ತಕದೊಳಗಿಟ್ಟುಕೊಂಡಳು.

ಇಲ್ಲಿಗೆ ನಿಂತಿದ್ದರೆ ನಾನೂ ಸ್ವಲ್ಪ ತಪ್ಪಿಸಿಕೊಳ್ಳಬಹುದಿತ್ತು. ಸರ್‌ಗೆ ಈಮೇಲ್ ತೆರೆಯಲು ಬರುತ್ತಿರಲಿಲ್ಲ. ವಾರಕ್ಕೆರಡು ಸಲ ಗಾಂಧಿ ಬಜಾರಿನ ಸೈಬರ್ ಸೆಂಟರಿಗೆ ಹೋಗಿ, ಅವರ ಪಾಸ್‌ವರ್ಡ್ ಹಾಕಿ, ಬಂದದ್ದನ್ನು ಪ್ರಿಂಟ್ ತೆಗೆದುಕೊಡುವುದು ನನ್ನ ಕೆಲಸ. ತಿಂಗಳಾದ ಮೇಲೆ ಪ್ರೊಫೆಸರಮ್ಮ ಸರ್‌ಗೆ ಬರೆದಿದ್ದರು. ಆ ಹುಡುಗಿಯನ್ನು ನಾನು ಮರೆತಿಲ್ಲ, ನಿಮ್ಮ ಪತ್ರ ಅವಳಿಗೆ ತೊಂದರೆ ಮಾಡುತ್ತಿದೆ, ಎರಡು ಹೊಳೆಯ ಯೋಚನೆ ನಿಜವಾಗಿ ಅವಳದೇ ಇರಬೇಕೆಂದು ನನಗೆ ಅನುಮಾನ, ಹೌದು ಎಂದು ಒಂದು ಮಾತು ಬರೆಯಿರಿ, ಶುಕ್ರವಾರದೊಳಗೆ, ಸೀಟು ಅವಳಿಗೆ ಎಂದಿತ್ತು.

ನಾನು ಪ್ರಿಂಟ್ ತೆಗೆಯಲಿಲ್ಲ. ನನಗೆ ಹೊಟ್ಟೆಕಿಚ್ಚು ಆಗಿತ್ತು. ಇಷ್ಟು ವರ್ಷದ ಮೇಲೆ ಅದಕ್ಕೆ ಬೇರೆ ಹೆಸರಿಡುವುದು ಬೇಡ. ನೀರಿಗಿಳಿದ ಆ ಹೆಂಗಸು ನನ್ನ ಇಂಗ್ಲಿಷನ್ನು ಮೂರು ದಿನ ಬಳಸಿಕೊಂಡು, ಕೊನೆಗೆ ನೆನಪಿಟ್ಟುಕೊಂಡದ್ದು ಬಕೆಟ್ ಹುಡುಗಿಯನ್ನು! ಸರ್ ಹೆಸರಿನಲ್ಲಿ ನಾನೇ ಉತ್ತರ ಟೈಪ್ ಮಾಡಿದೆ: ಯೋಚನೆ ನನ್ನದು, ಆಕೆ ಹೇಳಿದ್ದನ್ನು ಶ್ರದ್ಧೆಯಿಂದ ಮಾಡುತ್ತಾಳೆ. ಕಳಿಸಿದ ಮೇಲೆ ಎರಡನ್ನೂ ಅಳಿಸಿದೆ. ಹೊರಗೆ ಬಂದು ಒಂದು ಮಸಾಲೆ ಮಂಡಕ್ಕಿ ತಿಂದೆ, ಚೆನ್ನಾಗಿಯೇ ಇತ್ತು.

ಸೀಟು ನನಗೆ ಬಂತು. ಅವಳು ಅಳಲಿಲ್ಲ. ನಿಮಗೆ ಸಿಕ್ಕಿದ್ದು ನನಗೆ ಸಿಕ್ಕ ಹಾಗೇ ಎಂದಳು. ನಾನು ಹೊರಡುವ ಹಿಂದಿನ ದಿನ ಜನ್ನಾಪುರದಿಂದ ಬಂದು ನಮ್ಮ ಅಂಗಡಿಯಲ್ಲೇ ಒಂದು ಕಟ್ಟು ಕೊಟ್ಟಳು. ಒಳಗೆ ಅವಳಮ್ಮ ಹೊಸದಾಗಿ ಹೊಲಿದ ಇಪ್ಪತ್ತು ಸೊಳ್ಳೆಪರದೆ ಚೀಲ. "ಅಲ್ಲಿ ಸಿಗ್ತವೋ ಇಲ್ವೋ ಅಕ್ಕ" ಎಂದಳು. ನಮ್ಮಮ್ಮ ಕಾಫಿ ಕೊಟ್ಟಳು. ಕುಡಿದು, ಲೋಟ ತೊಳೆದಿಟ್ಟು ಬಸ್ಸಿಗೆ ಹೋದಳು.

ಅಲ್ಲಿ ಹೋದ ಮೊದಲ ವರ್ಷವೇ ಪ್ರೊಫೆಸರಮ್ಮ, ನಿಮ್ಮ ಗೈಡಿನ ಆ ಒಳ್ಳೆಯ ಯೋಚನೆಯನ್ನು ಇಲ್ಲಿಯ ಎರಡು ಹೊಳೆಯಲ್ಲಿ ಮಾಡಿ ನೋಡು ಎಂದರು. ನನಗೆ ಬೇರೆ ಯೋಚನೆಯೂ ಇರಲಿಲ್ಲ. ಆ ಇಪ್ಪತ್ತು ಚೀಲದಲ್ಲೇ ಮಾಡಿದೆ. ಊರಿನ ಅಂಕಿಗಳನ್ನೂ, ನಾನು ಕೇಳಿದ ಕೂಡಲೇ, ಸರ್ ಅಂಚೆಯಲ್ಲಿ ಕಳಿಸಿದರು. ಅವಳ ನೋಟ್‌ಬುಕ್ಕಿನಿಂದ ಇಳಿಸಿಕೊಂಡವು ಎಂದು ನೋಡಿದ ಕೂಡಲೇ ಗೊತ್ತಾಯಿತು. ಪೇಪರು ಅಚ್ಚಾಯಿತು. ಮೊದಲು ನನ್ನ ಹೆಸರು, ಆಮೇಲೆ ಸರ್ ಹೆಸರು, ಆಮೇಲೆ ಪ್ರೊಫೆಸರಮ್ಮನದು. ಅವಳ ಹೆಸರು ಸೇರಿಸೋಣವೇ ಎಂದು ನಾನೂ ಕೇಳಲಿಲ್ಲ, ಸರ್ ಸಹ ಕೇಳಲಿಲ್ಲ. ಅವಳು ಸ್ಕೂಲಿನಲ್ಲಿ ಪಾಠ ಮಾಡಿಕೊಂಡು ಏಳೆಂಟು ವರ್ಷಕ್ಕೆ ಅಂತೂ ಪಿಎಚ್‌ಡಿ ಮುಗಿಸಿದಳು. ತನ್ನ ಕೆಲಸವನ್ನು ಪತ್ರಿಕೆಗೆ ಕಳಿಸಿದರೆ, ಇದನ್ನು ಬೇರೆಯವರು ಆಗಲೇ ಮಾಡಿದ್ದಾರೆ ಎಂದು ವಾಪಸ್ಸು ಬಂತಂತೆ.

ನಾನು ಊರಿಗೆ ಮರಳಿ ಕೆಲಸಕ್ಕೆ ಸೇರಿ ಹಲವು ವರ್ಷ ಆದ ಮೇಲೆ, ಒಂದು ಕಾಲೇಜಿನ ಉಪನ್ಯಾಸಕರ ಆಯ್ಕೆ ಸಮಿತಿಗೆ ವಿಷಯತಜ್ಞೆಯಾಗಿ ಕರೆದರು. ಮಧ್ಯಾಹ್ನದ ಹೊತ್ತಿಗೆ ಒಳಗೆ ಬಂದ ಅಭ್ಯರ್ಥಿ ಅವಳು. ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. ನನ್ನನ್ನು ನೋಡಿ ನಮಸ್ಕಾರ ಮಾಡಿದಳು, ಎಲ್ಲರಿಗೂ ಮಾಡಿದಷ್ಟೇ. ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಆ ಶಿಫಾರಸು ಪತ್ರ, ಲ್ಯಾಮಿನೇಷನ್ ಮಾಡಿಸಿದ್ದು. ಅಧ್ಯಕ್ಷರು ಜೋರಾಗಿ ಓದಿದರು. ವಿಧೇಯಳು, ಗುರುವಿನ ಮಾತು ಮೀರದವಳು. ಇಂಥವರು ಈಗ ಎಲ್ಲಿ ಸಿಗುತ್ತಾರೆ ಎಂದು ಸಂತೋಷಪಟ್ಟರು.

ನನಗೆ ಒಂದು ಅವಕಾಶ ಕಂಡಿತು. ಎಲ್ಲರ ಎದುರಿಗೆ ಅವಳ ಬಾಯಲ್ಲೇ ಹೇಳಿಸಿದರೆ ನನ್ನ ಭಾರ ಇಳಿಯುತ್ತದೆ ಎಂದುಕೊಂಡೆ. ಆಗಲೂ ನನ್ನ ಭಾರದ್ದೇ ಯೋಚನೆ ನೋಡಿ. "ಎರಡು ಹೊಳೆ ಬದಲಿಸುವ ಆ ವಿಧಾನ, ಅದು ಯಾರ ಯೋಚನೆ?" ಎಂದು ಕೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು.

"ನಿಮ್ದು, ಸರ್‌ದು. ನಿಮ್ಮ ಪೇಪರಲ್ಲೇ ಇದೆಯಲ್ಲ, ಮೇಡಂ."

ಅವಳು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು. ಅಧ್ಯಕ್ಷರು ಮುಂದಿನ ಅಭ್ಯರ್ಥಿಯನ್ನು ಕರೆಯಲು ಹೇಳಿದರು. ಅವಳು ಪತ್ರವನ್ನು ಸೆರಗಿನಿಂದ ಒರೆಸಿ ಫೈಲಿನಲ್ಲಿಟ್ಟು ಹೋದಳು.

ಸಂಜೆ ಅಂಕಪಟ್ಟಿ ಭರ್ತಿ ಮಾಡಿದೆವು. ಸಂದರ್ಶನಕ್ಕೆ ಇಷ್ಟು, ಅನುಭವಕ್ಕೆ ಇಷ್ಟು, ಅಚ್ಚಾದ ಪೇಪರಿಗೆ ಇಷ್ಟು ಎಂದು ನಿಯಮವಿತ್ತು. ಪೇಪರಿನ ಕಾಲಂ ತುಂಬುವುದು ವಿಷಯತಜ್ಞರ ಕೆಲಸ. ಅವಳ ಹೆಸರಿನ ಮುಂದೆ ನಾನು ಸೊನ್ನೆ ಬರೆದು ಸೈನ್ ಹಾಕಿದೆ.