ಗುರುವಾರ ಸಾಯದ ರೋಬೋಟ್

ನಮ್ಮ ಮನೆಯವರ ರಜೆ ಗುರುವಾರ, ನನ್ನದು ರವಿವಾರ. ಕರೆಂಟು ಎಲ್ಲರಿಗೂ ಸಾಲುವುದಿಲ್ಲವೆಂದು ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಗಳಿಗೆ ಗುರುವಾರ ಸೂಟಿ ಕೊಟ್ಟಿದ್ದರು. ಟೈಪಿಂಗ್ ಕಲಿತಿದ್ದ ನನಗೆ ಸಿಕ್ಕಿದ್ದು ಶಿವಾಜಿನಗರದ ಆಫೀಸು. ಅದು ಉಳಿದ ಲೋಕದಂತೆ ರವಿವಾರವೇ ಬಾಗಿಲು ಹಾಕುತ್ತಿತ್ತು. ತೊಂಬತ್ತರ ದಶಕದ ನಡುವೆ ಮದುವೆಯಾಗಿ ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದವಳು ನಾನು. ಜಾತಕ ನೋಡಿದ ಆಚಾರ್ರು ಗುಣ ಕೂಡಿಸಿದರು, ಗ್ರಹ ಕೂಡಿಸಿದರು, ವಾರದ ಸೂಟಿಯೊಂದನ್ನು ಕೂಡಿಸಲು ಮರೆತರು.

ಭೋಸರಿಯಲ್ಲಿ ರವಿವಾರವೆಂದರೆ ಕೆಲಸದ ದಿನ. ಎಲ್ಲಿಂದಲೋ ತಗಡು ಒತ್ತುವ ಪ್ರೆಸ್ಸಿನ ಧಡ್ ಧಡ್ ಕೇಳುತ್ತಿರುತ್ತದೆ, ನಮ್ಮ ಸಾಲುಮನೆಗಳ ಚಾಳಿನ ಗಂಡಸರೆಲ್ಲ ಡಬ್ಬಿ ಹಿಡಿದು ಹೋಗಿರುತ್ತಾರೆ. ನಾನು ಬಟ್ಟೆ ಒಗೆದು, ಒಬ್ಬಳೇ ಉಂಡು, ಒಬ್ಬಳೇ ತಾಟು ತೊಳೆದು ಟೀವಿ ಹಚ್ಚುತ್ತಿದ್ದೆ. ಆಗ ಕೇಬಲ್ಲಿನವನದೇ ಒಂದು ಸ್ವಂತ ಚಾನೆಲ್ ಇತ್ತು. ಒಂದು ಕ್ಯಾಸೆಟ್ ತಂದರೆ ವಾರವಿಡೀ ಮಧ್ಯಾಹ್ನ ಅದನ್ನೇ ತಿರುವುತ್ತಿದ್ದ. ಅವನ ರುಚಿಯೂ ಒಂದೇ, ಮನುಷ್ಯರನ್ನು ಕೊಲ್ಲುವ ರೋಬೋಟಿನ ಸಿನಿಮಾ. ಯಾವ ದೇಶದ್ದೋ ಏನೋ, ಹಿಂದಿ ಮಾತು ಅಂಟಿಸಿರುತ್ತಿದ್ದರು. ವಿಜ್ಞಾನಿಗೂ ಪೊಲೀಸನಿಗೂ ಒಂದೇ ದನಿ.

ಮೊದಮೊದಲು ನಗು ಬರುತ್ತಿತ್ತು. ರಟ್ಟಿನ ಡಬ್ಬಿಗೆ ಬೆಳ್ಳಿ ಬಣ್ಣ ಬಳಿದು, ಕಣ್ಣಿಗೆ ಎರಡು ಕೆಂಪು ಬಲ್ಬು ಸಿಕ್ಕಿಸಿದರೆ ರೋಬೋಟ್ ತಯಾರು. ಅದರ ನಡಿಗೆಯ ಚಂದಕ್ಕೆ ನಮ್ಮ ಚಾಳಿನ ಮಂಡಿನೋವಿನ ಅಜ್ಜಿ ಕೂಡ ತಪ್ಪಿಸಿಕೊಂಡು ಹೋಗಬಹುದಿತ್ತು. ಓದಿದ ವಿಜ್ಞಾನಿಗಳು ಮಾತ್ರ ಎಡವಿ ಬಿದ್ದು ಸಾಯುತ್ತಿದ್ದರು! ಆದರೆ ಒಂದು ರವಿವಾರ, ರೋಬೋಟ್ ಕತ್ತು ತಿರುಗಿಸಿದಾಗ ತಲೆಯ ಡಬ್ಬಿಗೂ ಮೈಯ ಡಬ್ಬಿಗೂ ನಡುವೆ ಒಂದಿಷ್ಟು ಚರ್ಮ ಕಂಡಿತು. ಬೆವತಿತ್ತು. ಅಯ್ಯೋ, ಒಳಗೆ ಒಬ್ಬ ಮನುಷ್ಯ ಇದ್ದಾನಲ್ಲ, ಇವನು ಮಧ್ಯಾಹ್ನ ಯಾರ ಜೊತೆ ಕೂತು ಉಂಡನೋ ಅನ್ನಿಸಿತು. ರೊಕ್ಕ ಸುರಿದು ತೆಗೆದ ಸಿನಿಮಾಗಳಲ್ಲಿ ಬರೀ ಯಂತ್ರ ಕಾಣುತ್ತದೆ. ಈ ಬಡ ಸಿನಿಮಾಗಳಲ್ಲಿ ಒಳಗಿರುವವನು ಕಂಡುಬಿಡುತ್ತಾನೆ. ನನಗೆ ಬೇಕಾಗಿದ್ದದ್ದು ಅವನೇ. ಇಡೀ ಮಧ್ಯಾಹ್ನ ನನ್ನ ಮನೆಯಲ್ಲಿ ಉಸಿರಾಡುವ ಇನ್ನೊಬ್ಬರೆಂದರೆ ಅವನೊಬ್ಬನೇ.

ನಮ್ಮ ಮನೆಯವರು ವೆಲ್ಡರ್. ಮಾತಾಡಿದರೆ ಮುತ್ತು ಉದುರೀತು ಎನ್ನುವ ಜಾತಿ. ಹಗಲೆಲ್ಲ ಮುಖಕ್ಕೆ ಕಪ್ಪು ಗಾಜಿನ ಮುಸುಕು ಹಾಕಿಕೊಂಡು ಕಿಡಿಗಳ ನಡುವೆ ಕೂತು ಬಂದವರು, ಮನೆಯಲ್ಲೂ ಮುಸುಕು ತೆಗೆಯುತ್ತಲೇ ಇರಲಿಲ್ಲ. ‘ಉಪ್ಪು ಅದನ?’ ‘ಹ್ಞೂಂ.’ ಅಲ್ಲಿಗೆ ಸಂಸಾರದ ಮಾತು ಮುಗಿಯಿತು. ಗುರುವಾರ ಸಂಜೆ ಮಾತ್ರ ಬೇರೆಯೇ ಮನುಷ್ಯ. ನಾನು ಬಸ್ಸಿಳಿದು ಬರುವಷ್ಟರಲ್ಲಿ ಚಹಾಕ್ಕಿಟ್ಟು, ಆ ದಿನ ನೋಡಿದ ರೋಬೋಟಿನ ಕತೆ ಶುರು ಮಾಡುತ್ತಿದ್ದರು.

‘ಕಡೀಕ ಏನಾತ್ರಿ?’ ಎಂದು ಕೇಳುತ್ತಿದ್ದೆ.

‘ಅದು ಸಾಯಂಗಿಲ್ಲ ಬಿಡು. ಊರ ಹೊರಗ ಒಬ್ಬಾಕಿ ಮುದುಕಿ ಇರ್ತಾಳ. ಆಕಿ ಹೊಲಕ್ಕ ನೀರು ಸೇದ್ಕೋತ ಉಳೀತದ. ಭಾಳ ಛಲೋ ಅದ.’

ರವಿವಾರ ಅದೇ ಸಿನಿಮಾ ನೋಡಿದರೆ ಎಲ್ಲಿಯ ಮುದುಕಿ, ಎಲ್ಲಿಯ ಹೊಲ? ರೋಬೋಟನ್ನು ಕೆರೆಗೆ ತಳ್ಳಿ, ಕಿಡಿ ಹಾರಿಸಿ ಕೊಂದುಹಾಕಿದರು. ಮುಂದಿನ ವಾರದ ರೋಬೋಟ್ ಅವರ ಕತೆಯಲ್ಲಿ ಲಗ್ನದ ಮನೆಯ ಪೆಂಡಾಲು ಬೆಸೆದು ಊಟಕ್ಕೆ ಕೂತಿತು. ಟೀವಿಯಲ್ಲಿ ರೈಲಿಗೆ ಸಿಕ್ಕು ಚೂರಾಯಿತು. ನನ್ನ ತಲೆ ಕೆಟ್ಟಿತು. ಕೊನೆಗೆ ಪಕ್ಕದ ಮನೆಯಾಕೆ ಮಾತಿನ ಮೇಲೆ ಮಾತು ಬಂದು, ಗುರುವಾರ ರಿಪೇರಿಗೆಂದು ಕರೆಂಟು ತೆಗೆಯುತ್ತಾರೆ, ಮಧ್ಯಾಹ್ನ ಹೋದದ್ದು ದೀಪ ಹಚ್ಚುವ ಹೊತ್ತಿಗೇ ಬರುವುದು ಎಂದಳು. ನಮ್ಮವರು ಒಂದು ಸಿನಿಮಾದ ಕೊನೆಯನ್ನೂ ನೋಡಿರಲಿಲ್ಲ. ಕತ್ತಲಾದ ಟೀವಿಯ ಮುಂದೆ ಒಬ್ಬರೇ ಕೂತು, ನನಗೆ ಹೇಳಲಿಕ್ಕೆಂದು ಕೊನೆ ಹುಟ್ಟಿಸುತ್ತಿದ್ದರು.

ನಾನು ಬಾಯಿ ಬಿಡಲಿಲ್ಲ. ಸುಳ್ಳು ಎಂದರೆ ಆ ಬಾಯಿ ಮತ್ತೆ ಮುಚ್ಚೀತೆಂಬ ಹೆದರಿಕೆ. ಆ ಊರಿನಲ್ಲಿ ನನಗೆ ಇದ್ದದ್ದು ಗುರುವಾರದ ಸಂಜೆಯೊಂದೇ. ಅದೂ ಹೋದರೆ ನಾನು ಮಾತಿಗೆ ಯಾರ ಬಾಗಿಲು ಬಡಿಯಬೇಕು?

ಹೊಸ ಶತಮಾನ ಬಂದು ಕೆಲವು ವರ್ಷಗಳಾದ ಮೇಲೆ ಅವರ ಕಾರ್ಖಾನೆಗೆ ನಿಜವಾದ ರೋಬೋಟ್ ಬಂತು. ಖಂಡೇನವಮಿಯ ದಿನ ಯಂತ್ರಗಳನ್ನು ತೊಳೆದು ಪೂಜೆ ಮಾಡುತ್ತಾರಲ್ಲ, ಆಗ ಮನೆಮಂದಿಗೂ ಕರೆ ಇರುತ್ತದೆ. ಆಸೆಯಿಂದ ಹೋದೆ. ತಲೆಯಿಲ್ಲ, ಕೆಂಪು ಬಲ್ಬಿಲ್ಲ, ಕಿತ್ತಳೆ ಬಣ್ಣದ ಒಂದೇ ಒಂದು ಕೈ. ಅದು ಬೆಸುಗೆ ಹಾಕುತ್ತದಂತೆ. ಒಳಗೆ ಮನುಷ್ಯ ಕೂರಲು ಜಾಗವೇ ಇರಲಿಲ್ಲ. ವೆಲ್ಡಿಂಗ್ ಖಾತೆಯಲ್ಲಿ ಹಿರಿಯರಾದ್ದರಿಂದ ಪೂಜೆ ನಮ್ಮವರ ಪಾಲಿನದು. ಚೆಂಡುಹೂವಿನ ಮಾಲೆ ಹಾಕಿದರು, ಕಾಯಿ ಒಡೆದರು. ಆ ಕೈಯ ತುದಿಯಲ್ಲಿ ಹಣೆಯಂತೆ ಕಂಡ ಒಂದು ದುಂಡನೆಯ ಗಾಜಿಗೆ, ಹೊಸ ಸೊಸೆಗೆ ಹಚ್ಚಿದಷ್ಟು ಜೋಪಾನವಾಗಿ, ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿದರು.

ಅದು ಹಣೆಯಲ್ಲ, ಕಣ್ಣು. ದಸರೆ ಮುಗಿಸಿ ಯಂತ್ರ ಶುರು ಮಾಡಿದರೆ ಕೈ ಎದ್ದೇಳಲಿಲ್ಲ. ರೋಬೋಟಿನ ಕಂಪನಿಯವರು ಬಂದು ಹುಡುಕಿ ಹುಡುಕಿ ಸಾಕಾಗಿ, ಕಡೆಗೆ ಆ ಗಾಜು ಒರೆಸಿದರು. ಎಲ್ಲರೂ ನಕ್ಕರಂತೆ. ಮಾಲಕರು ನಗಲಿಲ್ಲ. ‘ಮುದ್ದಾಮ್ ಕೇಲಸ್ ನಾ?’ ಎಂದರಂತೆ, ಬೇಕಂತಲೇ ಮಾಡಿದೆ ಅಲ್ಲವೇ ಎಂದು. ನಮ್ಮವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಅವರ ಜೊತೆಗಾರನ ಹೆಂಡತಿಯಿಂದ. ಸಂಕ್ರಾಂತಿಯ ಹೊತ್ತಿಗೆ ಅವರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು.

ನಾನು ಎಷ್ಟು ವರ್ಷ ಬೇಡಿಕೊಂಡಿದ್ದೆನೋ ಅದು ಹೀಗೆ ಸಿಕ್ಕಿತು, ಇಬ್ಬರೂ ಮನೆಯಲ್ಲಿರುವ ರವಿವಾರ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಪಕ್ಕದಲ್ಲಿ ಕೂತು ಟೀವಿ ನೋಡುತ್ತಿದ್ದರು, ಮಾತಿಲ್ಲ. ಗುರುವಾರ ಸಂಜೆ ಓಡಿ ಬಂದರೆ ಚಹಾ ಇರುತ್ತಿತ್ತು, ಕತೆ ಇರುತ್ತಿರಲಿಲ್ಲ. ಒಬ್ಬಳೇ ಇದ್ದಾಗ ಡಬ್ಬಿಯೊಳಗಿನವನಾದರೂ ಜೊತೆಗಿದ್ದ. ಇಬ್ಬರಿದ್ದ ಆ ಮನೆಯಷ್ಟು ಖಾಲಿ ಮನೆಯನ್ನು ನಾನು ಕಂಡಿಲ್ಲ. ಸಿಟ್ಟು ಬಂದು ಪಾತ್ರೆ ಕುಕ್ಕುತ್ತಿದ್ದೆ. ಅದಕ್ಕೂ ಅವರು ತಿರುಗಿ ನೋಡುತ್ತಿರಲಿಲ್ಲ.

ಒಂದು ರವಿವಾರ ಕೇಬಲ್ಲಿನವನು ಅದೇ ಹಳೆಯ ಕೆರೆಯ ಸಿನಿಮಾ ಹಾಕಿದ. ಊರವರು ರೋಬೋಟನ್ನು ದಂಡೆಗೆ ಅಟ್ಟಿಸಿಕೊಂಡು ಬಂದಿದ್ದಾರೆ, ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತು, ಪ್ರೆಸ್ಸುಗಳ ಸದ್ದೂ ನಿಂತಿತು.

‘ಕಡೀಕ ಏನಾಕ್ಕದ್ರಿ?’ ಎಂದೆ.

ಅವರು ಟೀವಿಯ ಕರಿ ಗಾಜನ್ನೇ ನೋಡುತ್ತ ಕೂತಿದ್ದರು. ‘ನಿನಗ ಗೊತ್ತಿಲ್ಲೇನು? ನೀ ಪ್ರತಿ ರವಿವಾರ ಕಡೀತನ ನೋಡ್ತಿದ್ದಿ.’

ಇವರಿಗೆ ಮೊದಲಿನಿಂದಲೂ ಗೊತ್ತು. ನಿಜವಾದ ಕೊನೆ ನನಗೆ ಗೊತ್ತಿರುವುದು ಗೊತ್ತಿದ್ದೂ ವರ್ಷಗಟ್ಟಲೆ ತಮ್ಮ ಕತೆ ಹೇಳಿದ್ದಾರೆ, ನಾನು ಕೇಳುತ್ತೇನೆ ಎಂಬ ಒಂದೇ ಕಾರಣಕ್ಕೆ.

‘ಮರತೀನ್ರಿ’ ಎಂದೆ. ‘ನೀವ ಹೇಳ್ರಿ.’

ಅವರು ನಿಧಾನವಾಗಿ ಶುರು ಮಾಡಿದರು. ‘ಅದು ಯಾರನ್ನೂ ಕೊಲ್ಲಾಕ ಬಂದಿದ್ದಿಲ್ಲ. ಅದರ ಕಣ್ಣಿಗೆ ಕುಂಕುಮ ಹತ್ತಿತ್ತು. ಏನೂ ಕಾಣವಲ್ದು, ಅದಕ್ಕ ಎಲ್ಲಾರಿಗೂ ಡಿಕ್ಕಿ ಹೊಡ್ಕೋತ ತಿರುಗ್ತಿತ್ತು. ಹಚ್ಚಿದಾಂವ ಪ್ರೀತಿಲೆ ಹಚ್ಚಿದ್ದ. ಅದು ಕಣ್ಣು ಅಂತ ಅವಗ ಗೊತ್ತಿದ್ದಿಲ್ಲ.’ ಆಗ ನನ್ನ ಕಡೆ ತಿರುಗಿದರು. ‘ಖರೇನ ಗೊತ್ತಿದ್ದಿಲ್ಲ.’

ಅಷ್ಟರಲ್ಲಿ ಕರೆಂಟು ಬಂತು. ಟೀವಿ ಮತ್ತೆ ಬೆಳಗಿತು, ಊರವರು ರೋಬೋಟನ್ನು ನೀರಿಗೆ ತಳ್ಳುತ್ತಿದ್ದರು. ನಾನು ಎದ್ದು ಹೋಗಿ ಟೀವಿ ಆರಿಸಿದೆ. ಬಂದು ಅವರ ಪಕ್ಕ ಕೂತೆ.

‘ಹ್ಞೂಂ’ ಎಂದೆ. ‘ಮುಂದ?’