ರೊಟ್ಟಿಹಿಟ್ಟಿನಲ್ಲಿ ಮೂಡಿದ ತುಳು ಲಿಪಿ

ಕೊಟ್ಟೂರಿನ ಮೊದಲ ಬೆಳಗಿನಲ್ಲಿ ನಮ್ಮನ್ನು ಎಬ್ಬಿಸಿದ್ದು ಪಟಪಟ ಸದ್ದು. ಯಾರೋ ಬಾಗಿಲು ಬಡಿಯುತ್ತಿದ್ದಾರೆಂದು ಅಗುಳಿ ತೆಗೆದೆ. ಹೊರಗೆ ಯಾರೂ ಇರಲಿಲ್ಲ. ಗೋಡೆಯಾಚೆ ಮನೆಯೊಡತಿ ಗೌರವ್ವ ಜೋಳದ ರೊಟ್ಟಿ ಬಡಿಯುತ್ತಿದ್ದರು. ಉಡುಪಿಯ ಕಡೆಯ ನಮ್ಮ ಬೆಳಗು ಗಂಜಿಯ ಕುದಿಯೊಂದಿಗೆ ಮೆಲ್ಲನೆ ಬರುತ್ತಿತ್ತು. ಇಲ್ಲಿಯದು ಅಂಗೈ ಬಡಿದು ಬರುತ್ತಿತ್ತು.

ಇದು ೧೯೭೮. ಮೊದಲು ೧೯೭೭ ಎಂದೇ ಬರೆದಿದ್ದೆ. ಇಲ್ಲಿನ ಕಾಲೇಜಿನಲ್ಲಿ ನನಗೆ ಕೆಲಸ ಸಿಕ್ಕಿದ್ದು ತುರ್ತು ಪರಿಸ್ಥಿತಿ ಮುಗಿದ ಮರುವರ್ಷವೆಂದು ಪತ್ನಿ ತಿದ್ದಿದಳು. ಅವಳ ಎಣಿಕೆಯೇ ಸರಿ.

ಜತೆಗೆ ಬಂದಿದ್ದ ನನ್ನ ಮಾವ, ಓಲೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದು ತುಳು ಲಿಪಿ ಕಲಿತವರು. ನಮ್ಮ ಬಳಗದಲ್ಲಿ ಅದನ್ನು ಓದಬಲ್ಲವರು ಅವರೊಬ್ಬರೇ ಉಳಿದಿದ್ದರು. ಅವರ ಕಣ್ಣೂ ಮಸುಕಾಗುತ್ತಿತ್ತು. ಅಷ್ಟರೊಳಗೆ ಅಕ್ಷರಗಳನ್ನು ಮರದ ಅಚ್ಚುಗಳಲ್ಲಿ ಕೆತ್ತಿಸಿ, ಅವರಿಂದ ಒಪ್ಪಿಗೆ ಪಡೆದು, ಮಕ್ಕಳಿಗೊಂದು ಬಾಲಪಾಠ ಮುದ್ರಿಸಬೇಕೆಂಬುದು ನನ್ನ ಹಂಬಲ.

ಕೊಟ್ಟೂರಿನ ಬಡಗಿಯೊಬ್ಬರು ಮೊದಲ ಅಚ್ಚು ಕೆತ್ತಿಕೊಟ್ಟರು. ಅದರಿಂದ ಮುದ್ರಿಸಿದ ಹಾಳೆ ಮಾವನ ಕಣ್ಣಿಗೆ ಬರೀ ಮಸಿಯ ಕಲೆ. ಅಚ್ಚನ್ನೇ ಕೈಗಿತ್ತೆ. ಬೆರಳಾಡಿಸಿ, "ಅತ್ತ್, ಅತ್ತ್" ಎಂದರು. ತುಳುವಿನಲ್ಲಿ 'ಅಲ್ಲ' ಎಂದರ್ಥ. ಅಚ್ಚಿನಲ್ಲಿ ಅಕ್ಷರ ಎಡಬಲ ತಿರುವುಮುರುವಾಗಿರುತ್ತದೆ, ಉಬ್ಬಿರುತ್ತದೆ. ಅವರ ಬೆರಳು ಬಲ್ಲದ್ದು ನೇರ ಅಕ್ಷರ, ತಗ್ಗಿನ ಗೆರೆ.

ಹಿಟ್ಟು ನಾದುತ್ತಿದ್ದ ಗೌರವ್ವ ನಕ್ಕರು. "ಮೇಷ್ಟ್ರ, ಅಜ್ಜಾರ ಜೋಡಿ ಯಾಕ ಜಗಳ? ಇಲ್ಲಿ ತರ್ರಿ, ಹಿಟ್ಟಿನ ಮ್ಯಾಲ ಒತ್ತಿ ನೋಡೂಣು."

"ಹಿಟ್ಟು ಅಂಟಿಕೊಳ್ಳುತ್ತದಲ್ಲ, ಗೌರವ್ವ?"

"ಅಂಟಿದ್ರ ತೊಳಿಯೂಣ್ರಿ. ನಿಮ್ಮ ಅಕ್ಷರ ಏನು ಮಡಿ ಉಟ್ಟೈತೇನು?"

ಬಿಸಿನೀರಿನಲ್ಲಿ ನಾದಿದ ಜೋಳದ ಹಿಟ್ಟು ಪ್ರತಿ ಗೆರೆಯನ್ನೂ ಹಿಡಿಯಿತು: ನೇರವಾಗಿ, ತಗ್ಗಾಗಿ, ಓಲೆಗರಿಯ ಹಾಗೆ. ಮಾವ ತೋರುಬೆರಳಿನಿಂದ ಅಕ್ಷರವನ್ನು ನಿಧಾನವಾಗಿ ಸುತ್ತಿ, ಕೊನೆಯ ತಿರುವಿನಲ್ಲಿ ನಿಂತರು. "ಈ ಬಾಲ ಇನ್ನೂ ಒಳಕ್ಕೆ ಬರಬೇಕು. ಉಳಿದದ್ದು ಅಂದ್." ಅಂದ್ ಎಂದರೆ ಹೌದು.

ಅಂದಿನಿಂದ ಆ ಅಡುಗೆಮನೆಯಲ್ಲೇ ನಮ್ಮ ಕರಡು ತಿದ್ದುವಿಕೆ. ಓದಿ ಮುಗಿದ ಹಿಟ್ಟನ್ನು ಗೌರವ್ವ ಬಡಿದು ಹಂಚಿಗೆ ಹಾಕುತ್ತಿದ್ದರು. "ಅಜ್ಜಾರ, ಇವತ್ತಿನ ಪಾಠ ಮೆತ್ತಗೈತಿ, ತಿನ್ರಿ." ಅನ್ನವಿಲ್ಲದ ಊಟ ಊಟವೇ ಅಲ್ಲ ಎನ್ನುತ್ತಿದ್ದ ಮಾವ, ತಮ್ಮದೇ ಲಿಪಿಯ ನೆಪದಲ್ಲಿ ರೊಟ್ಟಿಗೆ ಒಗ್ಗಿಕೊಂಡರು. ಕೊನೆಯ ಅಕ್ಷರಕ್ಕೆ 'ಅಂದ್' ಎಂದಾಗ ಅವರ ಕಣ್ಣಿಗೆ ಉಳಿದದ್ದು ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ. ಬಾಲಪಾಠ ಅಚ್ಚಾಯಿತು.

ನಿವೃತ್ತನಾದ ಮೇಲೂ ಕೊಟ್ಟೂರಿನಲ್ಲೇ ಉಳಿದಿದ್ದೇನೆ. ಹುಟ್ಟೂರಿಗೆ ಹೋದಾಗ ಬಳಗದ ಮಕ್ಕಳು ಆ ಪುಸ್ತಕವನ್ನು ಬೆರಳಿಟ್ಟು ಓದುತ್ತಾರೆ. ಅವರಿಗೆ ಅದು ತಮ್ಮ ಮನೆಯ ಅಕ್ಷರ. ನನಗೆ ಮಾತ್ರ ಪುಟ ತೆರೆದೊಡನೆ ಪಟಪಟ ಸದ್ದು ಕೇಳಿಸುತ್ತದೆ. ಹುಟ್ಟಿದ ಮನೆಯಲ್ಲಿ ಕುಳಿತಿದ್ದರೂ, ಬಾಗಿಲು ತೆಗೆಯಲೆಂದು ಏಳುತ್ತೇನೆ.