ಖಂಡೇಪೂಜಿ ದಿನ ನಿಂತ ಗೇಟ್‌ವೇ

ನನ್ನ ಹೆಂಡತಿ ತೀರಿಹೋಗಿ ಎಂಟು ತಿಂಗಳಾಗಿತ್ತು. ದಸರಾ ಹಬ್ಬದ ಊಟಕ್ಕ ಗಂಗಾವತಿಗೆ ಬಾ ಅಂತ ಮಗಳು ಮೂರು ಸಲ ಫೋನ್ ಹಚ್ಚಿದ್ದಳು. "ಆಫೀಸ್ ಬಿಟ್ಟು ಬರಾಕ ಆಗೂದಿಲ್ಲವಾ, ನಾ ಒಬ್ಬನ ಎಲ್ಲಾ ನಡಸ್ತೀನಿ, ಚಿಂತಿ ಮಾಡಬ್ಯಾಡ" ಅಂದು ತಪ್ಪಿಸಿಕೊಂಡಿದ್ದೆ. ಖರೇ ಹೇಳಬೇಕಂದ್ರ, ಆಕಿ ಇಲ್ಲದ ಹಬ್ಬಾ ಉಣ್ಣೂ ಧೈರ್ಯ ನನಗಿರಲಿಲ್ಲ.

ಕೊಪ್ಪಳದ ಒಂದು ಬೀಜದ ಕಂಪನಿಯೊಳಗ ನೆಟ್‌ವರ್ಕ್ ನೋಡಿಕೊಳ್ಳೂದು ನನ್ನ ಕೆಲಸ. ಕುಷ್ಟಗಿ, ಯಲಬುರ್ಗಾ ಅಂಗಡಿಗಳ ಬಿಲ್ಲೆಲ್ಲ ನಮ್ಮ ಗೇಟ್‌ವೇ ಅನ್ನೂ ಬಾಗಲಾ ದಾಟೇ ಹೋಗಬೇಕು. ಕಂಪ್ಯೂಟರ್‌ಗಳಿಗೆ ಗೊತ್ತಿರೂದು ಅದರದೊಂದ ವಿಳಾಸ. ಆ ವಿಳಾಸದ ಹಿಂದ ಇರೂ ರೂಟರ್ ಎರಡು. ನಾಕೈದು ಸೆಕೆಂಡಿಗೊಮ್ಮೆ ಅವು ಒಂದಕ್ಕೊಂದು "ಅದೀನಿ" ಅಂತ ಸುದ್ದಿ ಕಳಸ್ತಾವ. ಒಂದರ ಸುದ್ದಿ ನಿಂತರ ಇನ್ನೊಂದು ಆ ವಿಳಾಸ ತನ್ನ ಮ್ಯಾಲ ಹಾಕ್ಕೊಂತೈತಿ. ಮೊದಲ ಎರಡನೇದು ಬರೇ ಕಾಯ್ಕೋತ ಕುಂತಿರತಿತ್ತು. "ದಂಡಕ್ಕ ಕುಂತೈತಲ್ರಿ ಅದು" ಅಂತ ಮಾಲಕರು ಗೊಣಗಿದ್ದಕ್ಕ ಭಾರ ಎರಡಕ್ಕೂ ಹಂಚಿದೆ. ಆಮ್ಯಾಲ ಅಂಗಡಿ ಹೆಚ್ಚಾಗಿ ಎರಡೂ ಮುಕ್ಕಾಲು ಪಾಲು ತುಂಬಿದವು. ಒಂದು ಕೆಟ್ಟು ನಿಂತರ ಇನ್ನೊಂದು ಎಷ್ಟು ಹೊತ್ತೀತು ಅಂತ ನಾ ಲೆಕ್ಕಾ ಹಾಕಲೇ ಇಲ್ಲ.

ಖಂಡೇಪೂಜಿಗೆ, ಅಂದ್ರ ಆಯುಧ ಪೂಜಿಗೆ, ಯಂತ್ರ ಬಂದ್ ಮಾಡಿ, ಒರಸಿ, ವಿಭೂತಿ-ಕುಂಕುಮ ಹಚ್ಚೂದು ನಮ್ಮ ಪದ್ಧತಿ. ಇನ್ನೊಂದು ಐತೆಲ್ಲಾ ಅಂತ ಒಂದು ರೂಟರಿನ ಸ್ವಿಚ್ ಆರಿಸಿದೆ. ವಿಳಾಸ ಸುರಳೀತ ಎರಡನೇದಕ್ಕ ಹೋತು. ಆದರ ಹಿಂಗಾರಿ ಬಿತ್ತಗಿ ಗದ್ದಲ; ಹತ್ತು ನಿಮಿಷಕ್ಕ ಅದೂ ಉಸಿರು ಕಟ್ಟಿದಂಗಾಗಿ ನಿಂತಿತು. ಯಲಬುರ್ಗಾದ ಅಂಗಡಿಯವರು ಫೋನ್ ಮಾಡಿದರು. "ಕಡ್ಲಿ ಬೀಜಕ್ಕ ರೈತರು ಪಾಳಿ ಹಚ್ಯಾರ್ರೀ. ಬಿಲ್ಲ ಬರವಲ್ದು, ಏನ್ ಮಾಡೂನು?"

ಕುಂಕುಮದ ಕೈಲೇ ಆರಿಸಿದ್ದ ರೂಟರಿನ ಸ್ವಿಚ್ ಒತ್ತಿದೆ. ಅದು ಎಚ್ಚರಾಗಾಕ ಐದು ನಿಮಿಷ ಬೇಕು. ಅಲ್ಲೇ ನೆಲಕ್ಕ ಕುಂತೆ. ಎಂಥಾ ದಡ್ಡ ನಾನು. ಎರಡಕ್ಕ ಆಗೂ ಭಾರ ಒಂದ ಹೊರತೈತಿ ಅಂತ ಹ್ಯಾಂಗ ನಂಬಿದ್ದೆ? ಮನ್ಯಾಗೂ ಅದನ್ನ ನಂಬಿಕೊಂಡು ಕುಂತಿದ್ದೆ. ಆಕಿ ಮಾಡೂ ಅಡಗಿ, ಆಕಿ ಆಡೂ ಮಾತು, ದಿನಾ ಮಗಳಿಗೆ ಹಚ್ಚೂ ಫೋನು, ಒಂದೂ ನನ್ನ ಕೈಲೆ ಆಗಿರಲಿಲ್ಲ. ರೊಟ್ಟಿ ಅಂಗಡೀಲಿಂದ ತರತಿದ್ದೆ, ಗ್ವಾಡಿ ನೋಡಿಕೋತ ಉಣ್ಣತಿದ್ದೆ. ಅಳು ಬಂತು, ಅತ್ತೆ.

ಬಿಲ್ಲು ಮತ್ತ ಶುರುವಾದ ಮ್ಯಾಲ ಮಗಳಿಗೆ ಫೋನ್ ಹಚ್ಚಿದೆ.

"ಅವ್ವಾ, ನನಗ ಒಬ್ಬಗ ಆಗವಲ್ದು" ಅಂದೆ.

ಆಕಿ ಸಣ್ಣ ದನೀಲೆ ಅಂದಳು:

"ನನಗೂ ಆಗವಲ್ದಪ್ಪಾ. ಹ್ಯಾಂಗದಿ ಅಂತ ನೀ ಒಮ್ಮಿನೂ ಕೇಳಲಿಲ್ಲ."